ಮುಂಬೈ–ಗೋವಾ ಕ್ರೂಸ್: ಬಾಲ್ಕನಿ ಬೇಕಾ, ಕಿಟಕಿ ಸಾಕಾ?

ಮುಂಬೈ ಬಂದರಿನ ಬ್ಯಾಲಾರ್ಡ್ ಪಿಯರ್‌ನಿಂದ ಹೊರಡುವ ಗೋವಾ ಕ್ರೂಸ್‌ನ ಜಾಹೀರಾತಿನ ರೇಟು ನೋಡಿ ಕುಣಿಯಬೇಡಿ. ಬಂದರು ಶುಲ್ಕ, ಜಿಎಸ್‌ಟಿ ಎಲ್ಲ ಸೇರಿ ಕೊನೆಯ ಪೇಜಿನಲ್ಲಿ ಬರುವುದೇ ನಿಜವಾದ ರೇಟು.

ಕ್ಯಾಬಿನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಅತ್ತೆಗೆ ಬಸ್ಸು ಹತ್ತಿದರೂ ತಲೆಸುತ್ತು, ಹಾಗಾಗಿ ಕೆಳಗಿನ ಡೆಕ್‌ನಲ್ಲಿ ಹಡಗಿನ ನಟ್ಟನಡುವಿನ ಕೋಣೆಯನ್ನೇ ಕೇಳಿ ತೆಗೆದುಕೊಂಡೆವು, ಅಲುಗಾಟ ಅಲ್ಲೇ ಕಡಿಮೆ. ರಾತ್ರಿ ಕಪಾಟಿನೊಳಗೆ ಹ್ಯಾಂಗರ್‌ಗಳು ಟಕ್ ಟಕ್ ಅನ್ನುತ್ತಿದ್ದವು, ಅತ್ತೆ ಮಾತ್ರ ಆರಾಮಾಗಿ ಗೊರಕೆ ಹೊಡೆಯುತ್ತಿದ್ದರು. ಒಳಗಿನ ಕೋಣೆ ಅಗ್ಗ ನಿಜ, ಆದರೆ ಕಿಟಕಿಯೇ ಇರುವುದಿಲ್ಲ, ಬೆಳಗಾಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಬಾಲ್ಕನಿಗೆ ಸುಮ್ನೆ ದುಡ್ಡು ಸುರಿಯುವ ಬದಲು ಕಿಟಕಿ ಇರುವ ಕೋಣೆ ಸಾಕು. ಮಕ್ಕಳು ಹೇಗೂ ಈಜುಕೊಳ ಬಿಟ್ಟು ಬರುವುದಿಲ್ಲ, ಅಲ್ವಾ?

ದೊಡ್ಡ ಬ್ಯಾಗುಗಳನ್ನು ಟರ್ಮಿನಲ್‌ನಲ್ಲೇ ತೆಗೆದುಕೊಳ್ಳುತ್ತಾರೆ, ಕೋಣೆಗೆ ಬರುವುದು ತಡ. ಮಾತ್ರೆ, ಆಧಾರ್, ಈಜುವ ಬಟ್ಟೆ ಕೈಚೀಲದಲ್ಲೇ ಇರಲಿ. ಹತ್ತಿದ ಮೇಲೆ ಸುರಕ್ಷತಾ ಡ್ರಿಲ್ ಇರುತ್ತದೆ, ತಪ್ಪಿಸಿಕೊಳ್ಳುವ ಹಾಗಿಲ್ಲ.

ಊಟ ಪರವಾಗಿಲ್ಲ. ಆದರೆ ಸಾಂಬಾರಿಗೆ ಬೆಲ್ಲ ಸುರಿದಿದ್ದರು, ಮುಂಬೈನ ಮಾಟುಂಗಾದ ಇಡ್ಲಿ ತಿಂದು ಬೆಳೆದ ನಮ್ಮ ಮಕ್ಕಳು ಮುಟ್ಟಲಿಲ್ಲ. ತಿಂಡಿಗೆ ಬೇಗ ಹೋಗಿ, ಒಂಬತ್ತಾದರೆ ಕ್ಯೂ ನೋಡಿಯೇ ಹಸಿವು ಇಂಗುತ್ತದೆ.

ದಡ ದೂರವಾದ ಮೇಲೆ ಫೋನಿಗೆ ನೆಟ್‌ವರ್ಕ್ ಇಲ್ಲ, ವೈಫೈಗೆ ಬೇರೆ ದುಡ್ಡು. ಹಡಗು ಮರ್ಮಗೋವಾ ಬಂದರಿನಲ್ಲಿ ನಿಲ್ಲುತ್ತದೆ. ಸಿಗುವ ಕೆಲವೇ ಗಂಟೆಗಳಲ್ಲಿ ದೂರದ ಕಲಂಗೂಟ್ ಬೀಚ್‌ಗೆ ಓಡಿದರೆ ಅರ್ಧ ಹೊತ್ತು ಟ್ಯಾಕ್ಸಿಯಲ್ಲೇ ಕಳೆಯುತ್ತದೆ. ಹತ್ತಿರದ ಬೋಗ್ಮಾಲೊ ಬೀಚ್ ನೋಡಿ, ಬಂದರಿನ ಪಕ್ಕದ ವಾಸ್ಕೋ ಊರಲ್ಲಿ ಮೀನೂಟ ಮಾಡಿ, ಹಡಗು ಹತ್ತಿ.