ಕೂದಲೋ, ಉಗುರೋ?

ಕುಡಿತ ಬಿಟ್ಟಿದ್ದನ್ನು ತೋರಿಸಬೇಕಿದ್ದ ಕಾರವಾರದ ಗೆಳೆಯ ಕೇಳಿದ, ಪರೀಕ್ಷೆಗೆ ಯಾವುದು ಕೊಡಲಿ?

ಎರಡರಲ್ಲೂ ಹುಡುಕುವುದು ಇಟಿಜಿಯನ್ನು. ಮದ್ಯ ಕುಡಿದಾಗ ದೇಹದಲ್ಲೇ ಹುಟ್ಟುವ ವಸ್ತು ಅದು. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಬುಡದ 3 ಸೆಂ.ಮೀ. ಅಂದರೆ ಹೆಚ್ಚುಕಡಿಮೆ 3 ತಿಂಗಳ ಲೆಕ್ಕ. ಒಂದು ಮಿಲಿಗ್ರಾಂ ಕೂದಲಲ್ಲಿ ಇಟಿಜಿ 30 ಪಿಕೋಗ್ರಾಂ (ಪಿಕೋ ಅಂದರೆ ಲಕ್ಷ ಕೋಟಿಯಲ್ಲೊಂದು ಪಾಲು) ದಾಟಿದರೆ ಜಾಸ್ತಿ ಕುಡಿತ ಎಂದು ಓದುತ್ತಾರೆ. ಇಂಥ ಒಪ್ಪಿತ ಗೆರೆ ಇದೆಯಲ್ಲ, ನನ್ನ ಓಟು ಕೂದಲಿಗೇ. ಬ್ಲೀಚ್ ಮಾಡಿಸಿದ್ದರೆ ಮಾತ್ರ ಅಂಕಿ ಇಳಿದುಬಿಡುತ್ತದೆ.

ತಿರುಪತಿಗೆ ಮುಡಿ ಕೊಟ್ಟು ಬಂದಿದ್ದೀರಾ? ಹಾಗಾದರೆ ಉಗುರೇ ಗತಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ. ಕತ್ತರಿಸಿದ ತುದಿ ಹಲವು ತಿಂಗಳ ಹಳೆಯ ಕಥೆ ಹೇಳುತ್ತದೆ, ತಿಂಗಳುವಾರು ಬಿಡಿಸಿ ಅಲ್ಲ.

ನಿನ್ನೆ ರಾತ್ರಿಯ ಪೆಗ್ಗು? ಅದಕ್ಕೆ ಮೂತ್ರ ಪರೀಕ್ಷೆ.