ಮನೆಗೆ ಬಂದು ಆಕಳಿಗೆ ಎ.ಐ. (ಕೃತಕ ಗರ್ಭಧಾರಣೆ) ಮಾಡುವವರ ಬಗ್ಗೆ: ಐದಕ್ಕೆ ನಾಲ್ಕು ಸ್ಟಾರ್

ಜಮಖಂಡಿ ಕಡೆಯ ನಮ್ಮ ಹಳ್ಳಿಗೆ ಬೈಕಿಗೆ ಹೋರಿಯ ವೀರ್ಯ ಹೆಪ್ಪುಗಟ್ಟಿಸಿಟ್ಟ ನೈಟ್ರೋಜನ್ ಕ್ಯಾನ್ ಕಟ್ಟಿಕೊಂಡು ಬರುವ ಒಬ್ಬರ ಸರ್ವಿಸ್ ಬಗ್ಗೆ ಇದು. ಹೆಸರು ಹಾಕುವುದಿಲ್ಲ. ಅವರೇ ಬೇಡ ಅಂದರು, ಈಗಲೇ ಫೋನ್ ಜಾಸ್ತಿಯಂತೆ.

ನಮ್ಮದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ಆಕಳು. ಹೋಳಿ ಹುಣ್ಣಿಮೆ ಆಸುಪಾಸು ಈದಿತ್ತು. ದಿನಕ್ಕೆ 14 ಲೀಟರ್ ಹಾಲು, ಆ ಮಟ್ಟಿಗೆ ತಕರಾರಿಲ್ಲ. ಮೇ ನಡುವಿನಿಂದ ಜೂನ್ ಕೊನೆಯೊಳಗೆ ಬೇರೊಬ್ಬರ ಕೈಲಿ ಮೂರು ಸಲ ಕಡ್ಡಿ (ವೀರ್ಯ ತುಂಬಿದ ಸಣ್ಣ ನಳಿಕೆ) ಹಾಕಿಸಿದೆವು, ಅದರಲ್ಲಿ ಎರಡು ಹೆಣ್ಣು ಕರುವೇ ಆಗುತ್ತದೆ ಅನ್ನುವ ದುಬಾರಿ ಕಡ್ಡಿ, ಮೂರೂ ಸಲ ಗಡಿಯಾರ ಇಟ್ಟ ಹಾಗೆ 21 ದಿನಕ್ಕೆ ಕೂಗುತ್ತಾ ಮತ್ತೆ ಬೆದೆಗೆ ಬಂತು. ಆ ಮನುಷ್ಯ ಕಡ್ಡಿಯನ್ನು ಅಂಗೈಯಲ್ಲಿ ತಿಕ್ಕಿ ಬಿಸಿ ಮಾಡುತ್ತಿದ್ದ. ಕೇಳಿದರೆ ಆಕಳಿನ ಹಣೆಬರಹ ಅಂದ. ಅತ್ತೆಯವರು ಮಾರಿಬಿಡಿ ಅಂತ ಶುರು ಮಾಡಿದ್ದರು.

ಜುಲೈನಲ್ಲಿ ಈ ಹೊಸಬರನ್ನು ಕರೆಸಿದೆವು. ಬಂದವರು ಕ್ಯಾನ್ ಮುಚ್ಚಳ ತೆಗೆಯಲೇ ಇಲ್ಲ. "ಅಕ್ಕಾರ, ಯಾವಾಗ ಈದೈತ್ರಿ? ಬ್ಯಾಸಗ್ಯಾಗ ಎಲ್ಲಿ ಕಟ್ಟಿದ್ರಿ? ಏನ್ ತಿನ್ಸಿದ್ರಿ?" ಇದ್ದದ್ದು ಇದ್ದ ಹಾಗೆ ಹೇಳಿದೆ. ತಗಡಿನ ಶೆಡ್ಡು, ಒಣ ಕಣಿಕೆ (ಜೋಳದ ದಂಟು), ಹಾಲು ಕರೆಯುವಾಗ ಒಂದಿಷ್ಟು ಹಿಂಡಿ. "ಹಂಗಾರ ಇವತ್ತ ಹಾಕೂದು ಬ್ಯಾಡ್ರಿ" ಅಂದರು. ಹಾಕಿ ದುಡ್ಡು ತಗೊಂಡು ಹೋಗಬಹುದಿತ್ತು, ಅಲ್ವಾ?

ಅವರು ಹೇಳಿದ್ದು ಇಷ್ಟು. ಇವತ್ತು ಹೊರಬೀಳುವ ಅಂಡಾಣು ಇವತ್ತಿನದಲ್ಲ. ಅದು ಬೆಳೆಯಲು ಹೊರಟು ಸುಮಾರು ಮೂರು ತಿಂಗಳಾಗಿರುತ್ತದೆ. ಅಂದರೆ ಏಪ್ರಿಲ್. ಆಗ ನಮ್ಮಲ್ಲಿ ಬಿಸಿಲು 40 ಡಿಗ್ರಿ, ಆಕಳು ತಿಂದದ್ದಕ್ಕಿಂತ ಜಾಸ್ತಿ ಹಾಲಿಗೆ ಸುರಿದು ಮೈ ಕರಗಿಸಿಕೊಳ್ಳುತ್ತಿತ್ತು. ಅಂಥ ದಿನಗಳಲ್ಲಿ ಬೆಳೆದ ಅಂಡಾಣುವಿಗೆ ಎಂಥ ಹೋರಿಯ ಕಡ್ಡಿ ಹಾಕಿ ಏನು ಪ್ರಯೋಜನ?

ನಾನೂ ಬಿಎಸ್ಸಿ ಓದಿದವಳು, ನಂಬಿಕೆ ಬರದೆ ರಾತ್ರಿ ಕೂತು ಹುಡುಕಿದೆ. ನಿಜವೇ. ಬೆಳೆಯುವಾಗ ಅಂಡಾಣುವಿನ ಜೀನ್‌ಗಳು ಒಂದೇ ಸಮ ಆರ್‌ಎನ್‌ಎ (ಪ್ರೋಟೀನ್ ಕಟ್ಟಲು ಬೇಕಾದ ಜೀನ್‌ನ ನಕಲು) ತಯಾರಿಸಿ ಒಳಗೆ ಕೂಡಿಡುತ್ತವೆ. ನಮ್ಮ ಕಡೆ ದೂರ ಹೊರಟವರಿಗೆ ರೊಟ್ಟಿ ಬುತ್ತಿ ಕಟ್ಟಿಕೊಡುವುದಿಲ್ಲವೇ, ಹಾಗೆ. ಪೂರ್ತಿ ಬೆಳೆದ ಮೇಲೆ ಆ ಕೆಲಸ ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. ಮುಂದೆ ಗರ್ಭ ಕಟ್ಟಿದರೂ ಮೊದಲ ಮೂರು ನಾಲ್ಕು ದಿನ ಭ್ರೂಣ ಬದುಕುವುದು ತಾಯಿ ಕಟ್ಟಿದ ಈ ಬುತ್ತಿಯ ಮೇಲೆಯೇ. 8ರಿಂದ 16 ಜೀವಕೋಶ ಆದಾಗ ಮಾತ್ರ ಅದರ ಸ್ವಂತ ಜೀನ್‌ಗಳು ಜೋರಾಗಿ ಕೆಲಸಕ್ಕೆ ಇಳಿಯುತ್ತವೆ. ಅಲ್ಲಿಗೆ ಮುಟ್ಟುವ ಮುಂಚೆ ಬುತ್ತಿ ತೀರಿದರೆ ಕಥೆ ಮುಗೀತು. ಆಕಳು ಮತ್ತೆ ಬೆದೆಗೆ ಬರುತ್ತದೆ, ನಾವು ಕಡ್ಡಿ ಕಳಪೆ ಅಂತ ಬೈಯುತ್ತೇವೆ. (ಅಂಗೈಯಲ್ಲಿ ತಿಕ್ಕಿದ್ದೂ ತಪ್ಪೇ. ಅದನ್ನು ಬಿಟ್ಟುಕೊಡಲ್ಲ.)

ಎರಡು ಬೆದೆ ಬಿಡಿಸಿದರು. ತಗಡಿನ ಮೇಲೆ ಕಬ್ಬಿನ ರವದಿ (ಒಣ ಗರಿ) ಹೊದಿಸಿ ಅಂದರು. ಮಿನರಲ್ ಮಿಕ್ಸ್ಚರ್, ಹಸಿ ಮೇವು, ಹಿಂಡಿ ಸ್ವಲ್ಪ ಜಾಸ್ತಿ. ಎರಡು ತಿಂಗಳು ಹತ್ತಿರ ಕಡ್ಡಿ ಇಲ್ಲದೆ ಕಳೆಯುವುದು ಹಾಲಿನವರಿಗೆ ಸಣ್ಣ ಮಾತಲ್ಲ, ಮನೆಯಲ್ಲಿ ಬೈಸಿಕೊಂಡದ್ದು ನಾನು. ಆಗಸ್ಟ್ ಕೊನೆಗೆ ಬೆಳಗ್ಗೆ ಬೆದೆ ಕಂಡಿತು, ಸಂಜೆ ಬಂದರು. ಥರ್ಮಾಸ್‌ನಲ್ಲಿ 37 ಡಿಗ್ರಿ ನೀರು, ಥರ್ಮಾಮೀಟರ್ ಇಟ್ಟು ನೋಡಿ, ಅರ್ಧ ನಿಮಿಷ ಕಡ್ಡಿ ಅದ್ದಿ, ಒರೆಸಿ ಹಾಕಿದರು. ಹೆಣ್ಣು ಕರುವಿನ ಕಡ್ಡಿ ಕೇಳಿದ್ದಕ್ಕೆ ಈ ಸಲ ಬೇಡ ಅಂದರು. ಅದರಲ್ಲಿ ವೀರ್ಯಾಣು ಕಡಿಮೆ, ನೂರಕ್ಕೆ 90 ಹೆಣ್ಣಾಗುವುದು ಗಬ್ಬ ನಿಂತರೆ ತಾನೇ!

ಒಂದೇ ಕಡ್ಡಿಗೆ ನಿಂತಿತು. ಮಳೆ ಬಿದ್ದು ತಂಪಾದದ್ದರ ಪಾಲೂ ಇದೆ, ಎಲ್ಲ ಅವರದೇ ಪವಾಡ ಅನ್ನಲ್ಲ.

ಒಂದು ಸ್ಟಾರ್ ಕಟ್ ಮಾಡಿದ್ದಕ್ಕೆ ಕಾರಣ ಇದೆ. ಸಂಜೆ ಏಳರ ಮೇಲೆ ಫೋನ್ ಎತ್ತಲ್ಲ. ಕಡ್ಡಿಯ ಮೇಲಿನ ಹೋರಿ ನಂಬರ್ ಬರೆದುಕೊಡಿ ಅಂತ ಮೂರು ಸಲ ಕೇಳಬೇಕಾಯಿತು. ಸ್ಕ್ಯಾನಿಗೆ ಬೇರೆ ದುಡ್ಡು, ಅದನ್ನು ಮೊದಲೇ ಹೇಳಲಿಲ್ಲ.

ಸ್ಕ್ಯಾನ್ ಮುಗಿಸಿ ಹೋಗುವಾಗ ಇದ್ದಿಲಿನಿಂದ ಗೋಡೆ ಮೇಲೆ ತಾರೀಖು ಬರೆದು ಹೋಗಿದ್ದಾರೆ. ಜೂನ್ ಶುರುವಿಗೆ ಬೀಳುತ್ತದೆ. ಕಾರಹುಣ್ಣಿಮೆ ಹೊತ್ತಿಗೆ ಕರು ಅಂತ ಅತ್ತೆಯವರು ಈಗ ಊರೆಲ್ಲ ಹೇಳಿಕೊಂಡು ಬರುತ್ತಿದ್ದಾರೆ.