ಮೂತ್ರದ ಆಲ್ಬುಮಿನ್ ಪರೀಕ್ಷೆ: ಮೈಸೂರಿನ ಒಂದು ಲ್ಯಾಬಿನ ಸೇವೆ ಕುರಿತು

ನಮ್ಮ ತಂದೆಯವರಿಗೆ ಈಗ 71 ವರ್ಷ. ಸಕ್ಕರೆ ಕಾಯಿಲೆ ಬಂದು 16 ವರ್ಷಗಳಾದವು. ಮೊದಲು ಬೇರೊಂದು ಕಡೆ ಮಾಡಿಸುತ್ತಿದ್ದ ಸಾಮಾನ್ಯ ಮೂತ್ರ ಪರೀಕ್ಷೆಯಲ್ಲಿ ಪ್ರೋಟೀನ್ ‘ನಿಲ್’ ಎಂದೂ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ತ್ಯಾಜ್ಯ) 1.1 ಎಂದೂ ಬರುತ್ತಿದ್ದುದರಿಂದ ಕಿಡ್ನಿಯ ಬಗ್ಗೆ ನಾವು ನಿಶ್ಚಿಂತೆಯಿಂದಿದ್ದೆವು. ಈ ವರ್ಷ ವೈದ್ಯರು ಎಸಿಆರ್, ಅಂದರೆ ಮೂತ್ರದಲ್ಲಿರುವ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತದ ಪರೀಕ್ಷೆಯನ್ನು ಬರೆದುಕೊಟ್ಟರು. ಅದನ್ನು ನಮ್ಮ ಬಡಾವಣೆಯ ಸಣ್ಣ ಲ್ಯಾಬೊಂದರಲ್ಲಿ 480 ರೂಪಾಯಿ ಕೊಟ್ಟು ಮಾಡಿಸಿದೆವು.

ಲ್ಯಾಬಿನ ಹುಡುಗ ಹಿಂದಿನ ಸಂಜೆಯೇ ಮನೆಗೆ ಬಂದು ಮುಚ್ಚಳವಿರುವ ಡಬ್ಬಿಯ ಮೇಲೆ ಹೆಸರು ಬರೆದು, “ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೂತ್ರವನ್ನೇ ಹಿಡಿಯಬೇಕು, ಯಜಮಾನರೇ. ಜ್ವರ, ಉರಿಮೂತ್ರ ಏನಾದರೂ ಇದೆಯೇ?” ಎಂದು ವಿಚಾರಿಸಿದನು. ತಂದೆಯವರಿಗೆ ಜ್ವರ ಬಿಟ್ಟು ಎರಡೇ ದಿನವಾಗಿತ್ತು. ಜ್ವರದಲ್ಲಿ ಆಲ್ಬುಮಿನ್ ತಾತ್ಕಾಲಿಕವಾಗಿ ಏರುವುದರಿಂದ ವಾರ ಬಿಟ್ಟು ಬರುವೆನೆಂದು ಹೇಳಿ, ಡಬ್ಬಿಯನ್ನು ನಮ್ಮಲ್ಲಿಯೇ ಬಿಟ್ಟು ಹೋದನು. ಈ ಒಂದು ಪ್ರಶ್ನೆಗಾಗಿಯೇ ಆ ಲ್ಯಾಬಿನ ಮೇಲೆ ನನಗೆ ಗೌರವ ಮೂಡಿತು.

ವರದಿಯಲ್ಲಿ ಬಂದ ಸಂಖ್ಯೆ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 112 ಮಿಲಿಗ್ರಾಂ ಆಲ್ಬುಮಿನ್. 30ಕ್ಕಿಂತ ಕಡಿಮೆ ಇರಬೇಕಾದದ್ದು. ರಕ್ತದ ಕ್ರಿಯಾಟಿನಿನ್ ಆಗಲೂ 1.1 ಇತ್ತು. ಇದು ಹೇಗೆ ಸಾಧ್ಯವೆಂದು ಕೇಳಿದಾಗ ಲ್ಯಾಬಿನ ವೈದ್ಯೆಯವರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಒಂದೊಂದು ಕಿಡ್ನಿಯಲ್ಲಿಯೂ ರಕ್ತವನ್ನು ಸೋಸುವ, ಸೂಕ್ಷ್ಮ ರಕ್ತನಾಳಗಳ ಸುಮಾರು 10 ಲಕ್ಷ ಗೊಂಚಲುಗಳಿದ್ದು, ಪೋಡೋಸೈಟ್ ಎಂಬ ಜೀವಕೋಶಗಳು ಬೇರಿನಂತಹ ಪಾದಗಳನ್ನು ಚಾಚಿ ಆ ನಾಳಗಳನ್ನು ಹೊರಗಿನಿಂದ ಅಪ್ಪಿಕೊಂಡಿರುತ್ತವೆ; ಪಾದಗಳ ನಡುವಿನ ಕಿರಿದಾದ ಸೀಳುಗಳಲ್ಲಿ ನೀರು ಹಾಯುತ್ತದೆ, ಆಲ್ಬುಮಿನ್ ಬಹುಪಾಲು ರಕ್ತದಲ್ಲಿಯೇ ಉಳಿಯುತ್ತದೆ. ಈ ಕೋಶಗಳು ಬಹುಮಟ್ಟಿಗೆ ಮರುಹುಟ್ಟು ಪಡೆಯುವುದಿಲ್ಲ. ವಯಸ್ಸಾದಂತೆ ಕೆಲವು ಕಳಚಿ ಮೂತ್ರದಲ್ಲಿ ಹೋಗುತ್ತವೆ, ಉಳಿದವು ತೆರವಾದ ಜಾಗವನ್ನು ಮುಚ್ಚಲು ಹಿಗ್ಗುತ್ತವೆ. ಸಕ್ಕರೆ ಕಾಯಿಲೆಯಲ್ಲಿ ಗೊಂಚಲೇ ಊದಿಕೊಂಡು ಒಳಗಿನ ಒತ್ತಡ ಏರುವುದರಿಂದ ಹಿಗ್ಗಿದ ಕೋಶಗಳ ಮೇಲೆ ಹೊರೆ ಇನ್ನಷ್ಟು ಬೀಳುತ್ತದೆ. ಪಾದಗಳು ಚಪ್ಪಟೆಯಾಗಿ ಆಲ್ಬುಮಿನ್ ಸೋರಲು ಆರಂಭವಾಗುತ್ತದೆ. ಗಟ್ಟಿಯಾಗಿರುವ ಗೊಂಚಲುಗಳು ಹೆಚ್ಚು ದುಡಿದು ಕೊರತೆಯನ್ನು ತುಂಬುತ್ತಿರುವವರೆಗೆ ಕ್ರಿಯಾಟಿನಿನ್ ಏರುವುದಿಲ್ಲ. ಇಷ್ಟು ಸಣ್ಣ ಸೋರಿಕೆ, ಮೂತ್ರದಲ್ಲಿ ಪಟ್ಟಿಯನ್ನು ಅದ್ದಿ ನೋಡುವ ಸಾಮಾನ್ಯ ಪರೀಕ್ಷೆಗೆ ಸಿಕ್ಕದೆಯೂ ಹೋಗಬಹುದಂತೆ. ‘ನಿಲ್’ ಎಂಬ ಪದವನ್ನು ನಂಬಿ ಕಳೆದ ವರ್ಷಗಳನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಕೊರತೆಗಳೂ ಇವೆ. ಸಂಜೆ ಕೊಡುವೆವೆಂದ ವರದಿ ಮರುದಿನ ಮಧ್ಯಾಹ್ನ ಬಂದಿತು, ಅಷ್ಟರಲ್ಲಿ ಮಾಡಿದ ಕರೆಗಳನ್ನು ಯಾರೂ ಎತ್ತಲಿಲ್ಲ. ಅದಕ್ಕಿಂತ ದೊಡ್ಡ ಆಕ್ಷೇಪವೆಂದರೆ, ಕೌಂಟರಿನಲ್ಲಿ ತೂಗುಹಾಕಿರುವ ‘ಕಿಡ್ನಿ ಪ್ಯಾಕೇಜ್’ನಲ್ಲಿ ಎಸಿಆರ್ ಸೇರಿಲ್ಲ. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕಾದ ಪರೀಕ್ಷೆಯನ್ನು ಹೆಸರು ಹಿಡಿದು ಕೇಳಿದವರಿಗೆ ಮಾತ್ರ ಮಾಡುವುದು ಸರಿಯಲ್ಲ.

ಒಂದೇ ಫಲಿತಾಂಶದಿಂದ ತೀರ್ಮಾನಿಸಬಾರದೆಂದು ನಮ್ಮ ವೈದ್ಯರು ಮೂರು ತಿಂಗಳ ಬಳಿಕ ಮತ್ತೊಮ್ಮೆ ಮಾಡಿಸಲು ಹೇಳಿ, ರಕ್ತದೊತ್ತಡದ ಮಾತ್ರೆಯನ್ನು ಈಗಲೇ ಬದಲಿಸಿದ್ದಾರೆ. ಆ ಪರೀಕ್ಷೆಯನ್ನೂ ಇದೇ ಲ್ಯಾಬಿನಲ್ಲಿ ಮಾಡಿಸುತ್ತೇವೆ.